ಬಂಗುಡೆ ಬೆನ್ನಿನ ಬಣ್ಣ

ಬೋಳಾರದ ದೂಮಪ್ಪನಿಗೂ ಮಳೆಗಾಲದ ಆಟಿ ತಿಂಗಳಿಗೂ ಆಗಿಬರುವುದಿಲ್ಲ. ಕಡಲು ಮುನಿದು ದೋಣಿಗಳೆಲ್ಲ ದಡದಲ್ಲಿ ಬೋರಲು ಬಿದ್ದಿರುವಾಗ, ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಹೆಂಡತಿಗೂ ಹಿತವಲ್ಲ, ಬೆಕ್ಕಿಗೂ ಹಿತವಲ್ಲ. ಹಾಗಾಗಿ ಆ ವರ್ಷ ಅವನು ಮೀನು ಕೊಯ್ಯುವ ಚೂರಿ ಮಾಡುತ್ತೇನೆಂದು ಹೊರಟಾಗ ಹೆಂಡತಿ ಅಪ್ಪಿ ಸಂತೋಷವನ್ನೇ ಪಟ್ಟಳು.

ಹಂಚಿನ ಕಾರ್ಖಾನೆಯ ಫಿಟ್ಟರ್ ಮಾರ್ಸೆಲಿನ್ ಪೊರ್ಬು ಕಬ್ಬಿಣ ಉಜ್ಜಿ ಹಲ್ಲು ಸವೆದ ಐದು ಅರಗಳನ್ನು ಕೊಟ್ಟು, "ಕೆಂಪಗೆ ಕಾಯಿಸಿ ಬಡಿ, ಆಕಾರ ಬಂದ ಮೇಲೆ ಮತ್ತೆ ಕಾಯಿಸಿ ಅದ್ದು, ಆಮೇಲೆ..." ಎನ್ನುವಷ್ಟರಲ್ಲಿ ದೂಮಪ್ಪ ಗೇಟು ದಾಟಿಯಾಗಿತ್ತು.

ಅದ್ದುವುದೇನೋ ಸರಿ, ಯಾವುದರಲ್ಲಿ ಅದ್ದುವುದು? ಉಪ್ಪಿನಲ್ಲಿಟ್ಟ ಮೀನು ಗಟ್ಟಿಯಾಗುತ್ತದಲ್ಲ, ಉಕ್ಕೇನು ಮೀನಿಗಿಂತ ದೊಡ್ಡದೇ ಎಂದುಕೊಂಡು ಅವನು ಕೆಂಪಗೆ ಕಾದ ಚೂರಿಯನ್ನು ಅಪ್ಪಿಯ ಉಪ್ಪುಮೀನಿನ ಭರಣಿಗೇ ಇಳಿಸಿದ. ಎದ್ದ ಹಬೆಗೆ ಮೂರು ಮನೆಯವರು ಕಿಟಕಿ ಮುಚ್ಚಿಕೊಂಡರು. ಭರಣಿಯ ಒಳಗಿನಿಂದ ಟಿಣ್ ಎಂದು ಒಂದು ಶಬ್ದ ಬಂತು. ಚೂರಿಯ ನಡುವೆ ಕೂದಲೆಳೆಯಂಥ ಬಿರುಕು. ಎರಡನೆಯದು ಭರಣಿಯಿಂದ ಬದುಕಿ ಬಂತು, ಆದರೆ ಕೈಜಾರಿ ಜಗಲಿಯ ಚಿಟ್ಟೆಯ ಮೇಲೆ ಬಿದ್ದದ್ದೇ ಹಪ್ಪಳದ ಹಾಗೆ ಎರಡು ತುಂಡಾಯಿತು.

"ಹದ ಕೊಡ್ಲಿಲ್ಲವಾ?" ಎಂದು ತುಂಡುಗಳನ್ನು ನೋಡಿ ಕೇಳಿದ ಮಾರ್ಸೆಲಿನ್. "ಅದ್ದಿದ ಮೇಲೆ ಹೊಯಿಗೆಯಲ್ಲಿ ತಿಕ್ಕಿ ಹೊಳೆಯುವ ಹಾಗೆ ಮಾಡು. ಕಾದ ಕಬ್ಬಿಣದ ಪಟ್ಟಿ ಮೇಲೆ ಇಡು, ಸಣ್ಣ ಬಿಸಿ ಸಾಕು. ಮೈ ಮೇಲೆ ಒಂದೊಂದೇ ಬಣ್ಣ ಏಳ್ತದೆ. ಸರಿಯಾದ ಬಣ್ಣಕ್ಕೆ ತೆಗೆದು ನೀರಿಗೆ ಹಾಕು."

ಸರಿಯಾದ ಬಣ್ಣ ಯಾವುದು ಎಂದು ದೂಮಪ್ಪ ಕೇಳಲಿಲ್ಲ. ನೀರಿನ ಬಣ್ಣ ನೋಡಿಯೇ ಅಡಿಯಲ್ಲಿರುವ ಮೀನಿನ ಜಾತಿ ಹೇಳುವವನು, ಪೊರ್ಬುವಿನ ಹತ್ತಿರ ಬಣ್ಣದ ಪಾಠ ಕಲಿಯುವುದೇ?

ಮೂರನೆಯ ಚೂರಿ ಪಟ್ಟಿಯ ಮೇಲೆ ಹಳದಿಯಾಯಿತು, ಕಂದಾಯಿತು, ನೇರಳೆಯಾಯಿತು. ದೂಮಪ್ಪ ಕಾದ. ಕೊನೆಗೆ ಬಲೆಯಿಂದ ಆಗಷ್ಟೇ ಬಿಡಿಸಿದ ಬಂಗುಡೆಯ ಬೆನ್ನಿನಂತೆ ನೀಲಿ ಮಿಂಚಿದಾಗ "ಜೀವ ಬಂತು!" ಎಂದು ಎತ್ತಿ ನೀರಿಗೆ ಹಾಕಿದ. ಆ ಜೀವ ಒಂದು ಕೊಡ್ಡಾಯಿಯ ಬೆನ್ನೆಲುಬು ಮುಟ್ಟುವವರೆಗೆ ಇತ್ತು. ಅಲ್ಲಿ ಅಲಗು ಬಾಳೆಲೆಯ ಹಾಗೆ ಮಡಚಿಕೊಂಡಿತು. ನಾಲ್ಕನೆಯದಕ್ಕೆ ಇನ್ನಷ್ಟು ಒಳ್ಳೆಯ ನೀಲಿ ಬರಿಸಿದ. ಅದು ಇನ್ನಷ್ಟು ಚೆನ್ನಾಗಿ ಮಡಚಿಕೊಂಡಿತು.

ಕಾರಣ ಅವನಿಗೆ ಹೊಳೆಯಿತು. ಒಣಮೀನಿನ ವ್ಯಾಪಾರಿ ಉಮರಬ್ಬ ಬ್ಯಾರಿ ದಿನವೂ ಬೇಲಿಯಾಚೆ ನಿಂತು ನೋಡುತ್ತಿದ್ದ.

"ಬ್ಯಾರಿಗಳೇ, ನಿಮ್ಮ ಕಣ್ಣು ನನ್ನ ಚೂರಿಗೆ ತಾಗ್ತಾ ಉಂಟು."

"ನನ್ನ ಕಣ್ಣಿಗೆ ಉಕ್ಕನ್ನು ಮೆತ್ತಗೆ ಮಾಡುವ ಶಕ್ತಿ ಇದ್ರೆ ಮಾರಾಯ, ಮೊದಲು ನನ್ನ ಅತ್ತೆಯನ್ನು ನೋಡ್ತಿದ್ದೆ."

ಬೇಲಿಯ ಎರಡೂ ಕಡೆ ನಗು ಎದ್ದಿತು. ದೂಮಪ್ಪನಿಗೆ ರೇಗಿತು. "ದೋಣಿ ಇಳಿದ ಮೇಲೆ ಸಿಗುವ ಮೊದಲನೇ ಅಂಜಲ್ ಮೀನಿನ ತಲೆ, ನಾನು ಮಾಡಿದ ಚೂರಿಯಲ್ಲೇ ಕಡಿದು ತೋರಿಸ್ತೇನೆ!"

"ಆಗದಿದ್ರೆ?"

"ಅಪ್ಪಿಯ ಮೀನಿನ ಬುಟ್ಟಿ ನಾನು ಹೊರ್ತೇನೆ!"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಬಲೆ ಗಂಡಸಿನದು, ಬುಟ್ಟಿ ಹೆಂಗಸಿನದು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋದ ಗಂಡಸನ್ನು ಮೊಗವೀರರ ಕೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಕಂಡರೆ ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಉಳಿದಿದ್ದದ್ದು ಒಂದೇ ಒಂದು ಅರ.

ಅದನ್ನು ಬಡಿದು ಮುಗಿಸಿ, ತೆಂಗಿನ ಗೆರಟೆಯ ಕೆಂಡದ ಮುಂದೆ ದೇವರ ಮುಂದೆ ಕೂತವನಂತೆ ಕೂತಿದ್ದಾಗ ಅಪ್ಪಿ ಬಂದು ನಿಂತಳು.

"ಇದೂ ನೀಲಿಯಾ?"

"ನೀಲಿ ಅಂದ್ರೆ ತಾಜಾ. ಅಷ್ಟೂ ಗೊತ್ತಿಲ್ವಾ ಮೀನು ಮಾರುವವಳಿಗೆ?"

ಅಪ್ಪಿ ಸೆರಗು ಬಾಯಿಗಿಟ್ಟು ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವರೇ! ನೀವು ಹಿಡಿಯುವವರ ಕಣ್ಣಲ್ಲಿ ನೋಡ್ತಾ ಇದ್ದೀರಿ. ಬೆಂಕಿ ಮೇಲೆ ಇಟ್ಟದ್ದನ್ನು ಹುರಿಯುವವರ ಕಣ್ಣಲ್ಲಿ ನೋಡ್ಬೇಕಲ್ಲವಾ? ಮೊದಲಿನದ್ದು ಬೇಯಲೇ ಇಲ್ಲ, ಮುರೀತು. ನೀಲಿಯದ್ದು ಬೆಂದು ಬೆಂದು ಮೆತ್ತಗಾಯ್ತು. ಆಗ್ಬೇಕಾದದ್ದು ನಡುವೆ ಎಲ್ಲೋ ಉಂಟು. ಕಾಣೆ ಮೀನು ಹುರಿದ ಬಣ್ಣ ಬರುವಾಗ ತೆಗೀರಿ."

"ಮತ್ತೆ ಆ ಬಿರುಕು?"

"ಕಾದ ಮಣ್ಣಿನ ಓಡಿಗೆ ತಣ್ಣೀರು ಹೊಯ್ದ್ರೆ ಒಡೀತದೆ. ದೋಣಿಗೆ ಹಚ್ಚುವ ಬೂತಾಯಿ ಮೀನಿನ ಎಣ್ಣೆ ಉಂಟಲ್ಲ, ಅದರಲ್ಲಿ ಅದ್ದಿ. ನನ್ನ ಭರಣಿ ಬಿಟ್ಟುಬಿಡಿ."

ದೂಮಪ್ಪ ಕೂತಿದ್ದ ಮಣೆಯಲ್ಲಿ ಒಂದು ಗೇಣು ಆಚೆ ಸರಿದ. ಅಪ್ಪಿ ಕೂತಳು, ನೋಡಿದಳು, "ತೆಗೀರಿ!" ಎಂದಳು. ಅವನು ತೆಗೆದ.

ಕಡಲಿಗೆ ಹಾಲೆರೆದು ದೋಣಿ ಇಳಿಸಿದ ನಾಲ್ಕನೆಯ ದಿನಕ್ಕೆ ಅಂಜಲ್ ಸಿಕ್ಕಿತು. ದೂಮಪ್ಪನ ಅಂಗಳ ತುಂಬಿತು. ಚೂರಿ ತಲೆಯ ಹಿಂದಿನ ದಪ್ಪ ಎಲುಬನ್ನು ಹೊಕ್ಕು ಆಚೆ ಬಂತು. ಉಮರಬ್ಬ ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದ. ಎಲ್ಲೂ ಮಡಚಿರಲಿಲ್ಲ, ಚಕ್ಕೆ ಎದ್ದಿರಲಿಲ್ಲ.

"ಭೇಷ್! ಹೇಗೆ ಮಾಡಿದ್ದು ಮಾರಾಯ?"

ದೂಮಪ್ಪ ಮೀಸೆ ತಿರುವಿದ. "ಎಲ್ಲ ಬಣ್ಣದಲ್ಲಿ ಉಂಟು ಬ್ಯಾರಿಗಳೇ. ಅದಕ್ಕೆ ಕಣ್ಣು ಬೇಕು."

ಅಪ್ಪಿ ಬಾಗಿಲಲ್ಲಿ ಎಲೆ ಮೆಲ್ಲುತ್ತಾ ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಒಳ್ಳೆಯ ಲಕ್ಷಣವಲ್ಲ ಎಂದು ಹದಿನಾರು ವರ್ಷದ ಸಂಸಾರದಲ್ಲಿ ಅವನು ಕಲಿತಿರಬೇಕಿತ್ತು.

"ಹಾಗಾದ್ರೆ ಆ ಮಡಚಿದ ಚೂರಿಯನ್ನೂ ಸರಿ ಮಾಡು, ನಾವೂ ನೋಡುವ," ಎಂದ ಉಮರಬ್ಬ, ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು.

ದೂಮಪ್ಪ ಅಲಗು ನೇರ ಮಾಡಿ ಕಾಯಿಸಿದ, ಬೂತಾಯಿ ಎಣ್ಣೆಗೆ ಅದ್ದಿದ, ತಿಕ್ಕಿ ಪಟ್ಟಿಯ ಮೇಲಿಟ್ಟ. ಹಳದಿ ಎದ್ದಿತು. ಇದು ಕಾಣೆಯೋ? ಇನ್ನೂ ಹಸಿಯೋ? ಜನ್ಮವಿಡೀ ಅವನು ಹುರಿದ ಕಾಣೆಯನ್ನು ತಿಂದಿದ್ದನೇ ಹೊರತು ಬಾಣಲೆಯಲ್ಲಿ ನೋಡಿದವನಲ್ಲ. ಬಾಗಿಲ ಕಡೆ ಕಣ್ಣು ಹಾಯಿಸಿದ. ಅಪ್ಪಿ ತೆಂಗಿನ ಮರದ ಕಾಗೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹಳದಿ ಕಪ್ಪೇರತೊಡಗಿತು. ಅವನ ಹಣೆಯಲ್ಲಿ ನೀರಿಳಿಯಿತು.

"ಏ ಅಪ್ಪೀ! ಬೆಂತಾ ನೋಡು ಮಾರಾಯ್ತಿ!"

ಅಂಗಳವೆಲ್ಲ ಬಾಗಿಲ ಕಡೆ ತಿರುಗಿತು.

"ಬೆಂತು, ತೆಗೀರಿ!" ಎಂದಳು ಅಪ್ಪಿ, ಕುತ್ತಿಗೆ ಮಾತ್ರ ತಿರುಗಿಸಿ.

ಉಮರಬ್ಬ ನಕ್ಕ ರಭಸಕ್ಕೆ ಅವನ ಟೊಪ್ಪಿ ಜಾರಿತು. "ಚೂರಿ ಗೆದ್ದಿತು ದೂಮಪ್ಪ. ನೀನಲ್ಲ! ಬುಟ್ಟಿ ಹೊರು!"

"ಬಡಿದದ್ದು ಯಾರು? ತಿದಿ ಒತ್ತಿದ್ದು ಯಾರು?" ಎಂದು ದೂಮಪ್ಪ ಕೂಗಾಡಿದ. ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಕೊನೆಗೆ ಅಪ್ಪಿಯೇ ಅಂಗಳಕ್ಕಿಳಿದಳು.

"ಬುಟ್ಟಿ ನನ್ನದು, ನಾನು ಹೇಳ್ತೇನೆ. ಅರ್ಧ ಚೂರಿ ಇವರದ್ದು, ಅರ್ಧ ನನ್ನದು. ಇವರು ಅರ್ಧ ದಾರಿ ಹೊರಲಿ. ಮಂಗಳಾದೇವಿ ತಿರುವಿನವರೆಗೆ ಸಾಕು."

ಮರುದಿನ ಬೆಳಿಗ್ಗೆ ಅಪ್ಪಿ ಕೈಬೀಸಿಕೊಂಡು ಮುಂದೆ, ದೂಮಪ್ಪ ಬುಟ್ಟಿ ಹೊತ್ತು ಹಿಂದೆ. ಮೊದಲ ನಾಲ್ಕು ಮನೆ ಅವನು ತಲೆ ಎತ್ತಲಿಲ್ಲ. ಐದನೆಯ ಮನೆಯ ಹೇಮಾಕ್ಷಿ ಮೂಗೆಳೆದು, "ಇದು ಎಲ್ಲಿಯ ಮೀನು?" ಎಂದಳು. ಎಂತಹ ಪ್ರಶ್ನೆ! ಯಾವ ಅಳಿವೆಯಲ್ಲಿ, ಯಾವ ಗಾಳಿಗೆ, ಎಷ್ಟು ಆಳದಲ್ಲಿ ಹಿಡಿದದ್ದೆಂದು ದೂಮಪ್ಪ ನಿಂತಲ್ಲೇ ಹೇಳಿದ. ಪಕ್ಕದ ಮನೆಯವರು ಕೇಳಲು ಬಂದರು, ಕೊಂಡೂ ಕೊಂಡರು. ಮುಂದಿನ ಮನೆಯಲ್ಲಿ ಅವನು ಕೇಳುವ ಮೊದಲೇ ಹೇಳತೊಡಗಿದ. ದೋಣಿಯಿಂದ ದೋಣಿಗೆ ಕೂಗುವ ಅವನ ಗಂಟಲಿಗೆ ಬೀದಿಯ ಕೊನೆಯ ಕಿಟಕಿಯೂ ತೆರೆಯಿತು.

ಮಂಗಳಾದೇವಿ ತಿರುವು ಬಂತು, ಹೋಯಿತು. ಅಪ್ಪಿ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಅವನಿಗೆ ನೆನಪಾದೀತು.