ಸೇನಾಪತಿ ಹುಟ್ಟಿದ ಕೋಣೆ

ಸೇನಾಪತಿ ಹುಟ್ಟಿದ ಮನೆ ಬಿದ್ದುಹೋಗಿ ಎಷ್ಟೋ ತಲೆಮಾರುಗಳಾಗಿದ್ದವು. ಆ ಜಾಗದಲ್ಲಿ ನಾಲ್ಕಾರು ಸಂಸಾರಗಳು ಮನೆ ಕಟ್ಟಿಕೊಂಡು, ಅವನ ಹೆಸರನ್ನೇ ಎತ್ತದೆ ಬದುಕಿದ್ದವು. ಒಂದು ದಿನ ಸ್ಮಾರಕ ಸಮಿತಿಯವರು ಹಳೆಯ ನಕ್ಷೆ ಹಿಡಿದು ಬಂದರು. ಮನೆಗಳು ಹೋದವು. ಹಳೆಯ ಕಾಲದ್ದೆಂದು ಕಾಣುವ ಹೊಸ ಮನೆ ಎದ್ದು ನಿಂತಿತು: ಕಲ್ಲಿನ ಗೋಡೆ, ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲು, ಹೊಗೆ ಹಿಡಿದಂತೆ ಬಣ್ಣ ಬಳಿದ ತೊಲೆಗಳು. ಹಿತ್ತಿಲ ಬಾವಿಯೊಂದನ್ನು ಮಾತ್ರ ಇದ್ದ ಹಾಗೇ ಬಿಟ್ಟರು.

ಹಾಗೆ ಮನೆ ಕಳೆದುಕೊಂಡವರಲ್ಲಿ ಒಬ್ಬ ವಿಧವೆ ಮತ್ತು ಅವಳ ಮದುವೆಯಾಗದ ಮಗಳೂ ಇದ್ದರು. ಸಮಿತಿ ಅವರಿಗೆ ಅದೇ ಬೀದಿಯ ತುದಿಯ ಕಟ್ಟಡದಲ್ಲಿ ಎರಡು ಕೋಣೆ ಕೊಟ್ಟಿತು. ಮಗಳಿಗೆ ಮ್ಯೂಸಿಯಂ ಆದ ಆ ಹೊಸ ಮನೆಯಲ್ಲಿ ಟಿಕೆಟ್ ಹರಿಯುವ ಕೆಲಸ ಕೊಟ್ಟಿತು. "ಮನೆ ಹೋದ್ರೂ ಹೊಸ್ತಿಲ ಋಣ ಹರೀಲಿಲ್ಲ ನೋಡು" ಎಂದು ತಾಯಿ ಆಗ ನಕ್ಕಿದ್ದಳು.

ಕೆಲವು ವರ್ಷಗಳ ಮೇಲೆ ತಾಯಿಗೆ ಮರೆವು ಹತ್ತಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಗಂಡ ಸತ್ತಿದ್ದನ್ನು ಮರೆತಳು, ಕೊನೆಗೆ ಮನೆ ಹೋದದ್ದನ್ನೂ ಮರೆತಳು. ದಿನಾ ಬೆಳಿಗ್ಗೆ ಸೀರೆ ನೆರಿಗೆ ಸರಿಮಾಡಿಕೊಂಡು ಮ್ಯೂಸಿಯಂಗೆ ನಡೆದುಬಂದು, ತನ್ನ ಮನೆಗೆಂಬಂತೆ ನೇರ ಒಳಗೆ ಹೋಗುತ್ತಿದ್ದಳು. ಮ್ಯಾನೇಜರ್ ಒಳ್ಳೆಯವನೇ. "ಇರಲಿ ಬಿಡಿ. ಮನೆ ಯಜಮಾನಿಗೆ ಎಲ್ಲಿಯ ಟಿಕೆಟ್ಟು!" ಎಂದು ತಮಾಷೆ ಮಾಡುತ್ತಿದ್ದ.

ನಡುವಿನ ಕೋಣೆಯಲ್ಲಿ ಅಡ್ಡ ಕಟ್ಟಿದ ಹಗ್ಗದ ಆಚೆ ಒಂದು ಮಂಚವಿತ್ತು. ಮಂಚದ ಮೇಲೆ ಮೇಣದ ಬಾಣಂತಿ, ಮಗ್ಗುಲಲ್ಲಿ ಬಟ್ಟೆ ಸುತ್ತಿದ ಮೇಣದ ಕೂಸು. ಅದೇ ಸೇನಾಪತಿ. ತಾಯಿ ಹಗ್ಗದ ಪಕ್ಕ ಗೋಡೆಗೊರಗಿ ಕೂತುಬಿಡುವಳು. ಬಂದವರು ಗಲಾಟೆ ಮಾಡಿದರೆ, "ಶ್! ಹಸಿ ಬಾಣಂತಿ ಮಲಗಿದ್ದಾಳೆ, ನಿಮಗೇನು ಬುದ್ಧಿ ಇಲ್ವಾ?" ಎಂದು ಗದರುವಳು. ಜನ ನಗುತ್ತಿದ್ದರು. ಇವಳನ್ನೂ ಪ್ರದರ್ಶನದ ಭಾಗವೆಂದುಕೊಂಡು ಫೋಟೋ ತೆಗೆದುಕೊಂಡವರೂ ಇದ್ದರು.

ಬರಬರುತ್ತಾ ಅವಳ ಮುಖದಲ್ಲಿ ಕಳವಳ ಕಾಣಿಸಿಕೊಂಡಿತು. ಮನೆಗೆ ಬಂದರೂ ಊಟ ಸೇರುತ್ತಿರಲಿಲ್ಲ.

"ಕೂಸು ಅಳ್ತಾನೇ ಇಲ್ಲ ಕಣೆ" ಎನ್ನುವಳು.

"ಅದು ಗೊಂಬೆ ಅಮ್ಮಾ."

"ಹುಟ್ಟಿದ್ ಕೂಸು ಅಳ್ಬೇಕು. ಯಾರೂ ನೋಡ್ತಾನೇ ಇಲ್ಲ."

ಸೇನಾಪತಿಯ ಜಯಂತಿ ಹತ್ತಿರ ಬಂತು. ಮಂತ್ರಿಗಳು ಬರುವವರಿದ್ದರು. ಗೋಡೆಗೆ ಸುಣ್ಣ ಬಳಿಯುತ್ತಿದ್ದ ಒಂದು ಮಧ್ಯಾಹ್ನ ತಾಯಿ ಹಗ್ಗ ದಾಟಿದಳು. ಕೂಸನ್ನು ಎತ್ತಿ, ತಲೆಕೆಳಗು ಹಿಡಿದು, ಬೆನ್ನಿಗೆ ತಟ್ಟತೊಡಗಿದಳು. "ಅಳು ಪುಟ್ಟಾ, ಒಂದ್ಸಲ ಅತ್ತುಬಿಡು." ಮ್ಯಾನೇಜರ್ ಕಿರುಚಿದ. ಬೆಚ್ಚಿದ ಅವಳ ಕೈಯಿಂದ ಕೂಸು ಜಾರಿ ಕಲ್ಲು ನೆಲಕ್ಕೆ ಬಿತ್ತು. ತಲೆ ಮುರಿದು ಮಂಚದ ಕೆಳಗೆ ಉರುಳಿಹೋಯಿತು.

ಮಗಳು ಓಡಿಬಂದಾಗ ತಾಯಿ ನೆಲದ ಮೇಲೆ ಕೂತಿದ್ದಳು. ಬಾಯಿ ತೆರೆದಿತ್ತು, ದನಿ ಹೊರಡುತ್ತಿರಲಿಲ್ಲ.

"ಸಮಾರಂಭದ ದಿನ ಇವರು ಇಲ್ಲಿ ಕಾಣಬಾರದು" ಎಂದ ಮ್ಯಾನೇಜರ್. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. "ಕಂಡರೆ ನಿಮ್ಮ ಕೆಲಸವೂ ಉಳಿಯಲ್ಲ, ನನ್ನದೂ ಉಳಿಯಲ್ಲ."

ಜಯಂತಿಯ ದಿನ ಬೆಳಿಗ್ಗೆ ಮಗಳು ಅನ್ನ ಕಲಸಿಟ್ಟು, ನೀರಿಟ್ಟು, ಹೊರಗಿನಿಂದ ಬೀಗ ಹಾಕಿದಳು. ಮೆಟ್ಟಿಲು ಇಳಿಯುವಾಗಲೇ ಬಾಗಿಲು ಬಡಿಯುವ ಸದ್ದು ಕೇಳಿಸಿತು. ತಿರುಗಿ ನೋಡದೆ ಹೋದಳು. ಭಾಷಣಗಳಾದವು, ಚಪ್ಪಾಳೆಯಾಯಿತು, ಹೊಸ ಕೂಸಿಗೆ ಮಂತ್ರಿಗಳು ಹಾರ ಹಾಕಿದರು.

ಸಂಜೆ ಬೀಗ ತೆಗೆದರೆ ತಾಯಿ ಬಾಗಿಲ ಹಿಂದೆಯೇ ಕುಸಿದು ಕೂತಿದ್ದಳು. ಎರಡೂ ಅಂಗೈ ಊದಿ ಕಂದುಗಟ್ಟಿದ್ದವು. ಅನ್ನ ಇಟ್ಟಲ್ಲೇ ಒಣಗಿತ್ತು. ಅವಳು ಮಗಳನ್ನು ಗುರುತಿಸಲಿಲ್ಲ. ತನ್ನ ಅತ್ತೆಯೆಂದುಕೊಂಡು ಅವಳ ಸೆರಗು ಹಿಡಿದಳು.

"ಅತ್ತೆಮ್ಮಾ, ಹೂಳೋಕೆ ಮುಂಚೆ ಒಂದ್ಸಲ ಮುಖ ತೋರಿಸಿ. ಒಂದೇ ಒಂದ್ಸಲ."

ಮರುದಿನವೇ ಮಗಳು ತಂದೆಯ ತಂಗಿಯ ಮನೆಗೆ ಹೋದಳು. ತಾಯಿ ಅಂದ ಮಾತನ್ನು ತಿಳಿಸಿದಳು. ಸೋದರತ್ತೆ ಕಣ್ಣೊರೆಸಿಕೊಂಡು ಹೇಳಿದಳು: "ನಿನಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತಮ್ಮ. ಅಳಲೇ ಇಲ್ಲ. ಬಾಣಂತಿ ನೋಡಿದ್ರೆ ಎದೆ ಒಡ್ಕೋತಾಳೆ ಅಂತ ನಮ್ಮಮ್ಮ ಬಟ್ಟೇಲಿ ಸುತ್ಕೊಂಡು ಹೋಗಿ ಬಾವಿ ಹಿಂದೆ ಹೂತ್ರು. ಇನ್ಮೇಲೆ ಈ ಮಾತು ಎತ್ತಬಾರದು ಅಂದ್ರು. ನಿಮ್ಮಮ್ಮ ಎತ್ತಲಿಲ್ಲ. ಸೊಸೆ ಅಂದ್ರೆ ಹೀಗಿರ್ಬೇಕು ಅಂತ ನಾವೆಲ್ಲ ಹೊಗಳಿದ್ವಿ."

ವಾರದ ರಜೆಯ ದಿನ ಮಗಳು ತಾಯಿಯ ಕೈಹಿಡಿದು ಮ್ಯೂಸಿಯಂನ ಹಿಂದಿನ ಗೇಟಿನಿಂದ ಒಳಗೆ ಕರೆತಂದಳು. ಬಾವಿಯ ಹಿಂದೆ ಆಳೆತ್ತರದ ಕಲ್ಲಿನ ಪೀಠ, ಅದರ ಮೇಲೆ ಕಂಚಿನ ಕುದುರೆ, ಕುದುರೆಯ ಮೇಲೆ ಕತ್ತಿ ಹಿರಿದ ಸೇನಾಪತಿ.

"ಅಮ್ಮಾ, ಪಾಪು ಇಲ್ಲೇ ಮಲಗಿದೆ" ಎಂದಳು ಮಗಳು.

ತಾಯಿ ಪೀಠವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಯ್ಯೋ, ಎಳೇ ಕೂಸಿನ ಮೇಲೆ ಇಷ್ಟು ದೊಡ್ಡ ಕಲ್ಲು ಯಾರಿಟ್ರೇ?"

ಈ ಪೀಠಕ್ಕೆ ಪಾಯ ತೆಗೆದಾಗ ಯಂತ್ರದ ಹಲ್ಲು ಎಷ್ಟು ಆಳಕ್ಕೆ ಇಳಿದಿತ್ತೆಂದು ಮಗಳಿಗೆ ಗೊತ್ತಿತ್ತು. ಮಣ್ಣೆಲ್ಲ ಲಾರಿಗಳಲ್ಲಿ ಎಲ್ಲಿಗೋ ಹೋಗಿತ್ತು. ಲಾರಿಗಳು ಬೀದಿಯಲ್ಲಿ ಸಾಗುವಾಗ ಕಿಟಕಿಯಲ್ಲಿ ನಿಂತು, ಧೂಳು ಬರುತ್ತದೆಂದು ಬೈದು ಕದ ಹಾಕಿಕೊಂಡವಳು ಅವಳೇ.

ತಾಯಿ ಊದಿದ ಅಂಗೈಗಳನ್ನು ಕಲ್ಲಿಗೆ ಕೊಟ್ಟು ನೂಕತೊಡಗಿದಳು. ಕಾಲು ಜಾರುತ್ತಿತ್ತು. ಉಸಿರು ಬಿಗಿಹಿಡಿದು ಮತ್ತೆ ನೂಕಿದಳು.

"ನೋಡ್ತಾ ನಿಂತಿದ್ದೀಯಲ್ಲೇ. ನೀನೂ ಕೈ ಹಾಕು."

ಮಗಳು ಚಪ್ಪಲಿ ಬಿಟ್ಟು ಪಕ್ಕಕ್ಕೆ ಬಂದಳು. ಹೆಗಲು ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ನೂಕಿದಳು. ತಾಯಿಗೆ ಏದುಸಿರು ಬರುವ ತನಕ ಇಬ್ಬರೂ ನೂಕಿದರು.

"ಸಾಕು. ನಾಳೆ ಬರೋಣ" ಎಂದಳು ತಾಯಿ.

ಆಮೇಲೆ ಪ್ರತಿ ರಜೆಯ ದಿನವೂ ಬಂದರು. ಮ್ಯಾನೇಜರ್ ಒಮ್ಮೆ ನೋಡಿದ; ತಿರುಗಿ ಒಳಗೆ ಹೋದ. ತಾಯಿ ದಿನದಿನಕ್ಕೆ ಸೊರಗಿದಳು. ಕೊನೆಯ ಸಲ ಬಂದಾಗ ಅವಳಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು, ಮಗಳು ಒಬ್ಬಳೇ ನೂಕಿದಳು.