ಇನ್ಸ್‌ಪೆಕ್ಟರ್ ಬಾಯಿಗೆ ಮಿಠಾಯಿ

ತಮ್ಮನು ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ತೊಳೆದೂ ಆಗಿರುತ್ತಿತ್ತು. ಅದಕ್ಕೇ ಚಿಕ್ಕಂದಿನಿಂದ ಅವನ ಪಾಲಿನ ಮಾತನ್ನೂ ಅಕ್ಕನೇ ಆಡುತ್ತ ಬಂದಿದ್ದಳು.

ಹೋಟೆಲೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ ಅವನದು. ಯಾರೋ ಮೆಟ್ಟಿಲ ಮೇಲಿಂದ ನೂಕಿ ಅವನ ಕೈ ಮುರಿದಿದ್ದರು. ಹೋಟೆಲಿನ ವಾಚ್‌ಮನ್ನೇ ಎಂದು ಅಕ್ಕ ತೀರ್ಮಾನಿಸಿಯಾಗಿತ್ತು. ಅವನು ಒಮ್ಮೆ ಅವಳನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದ್ದ. ಈಗ ಆ ವಾಚ್‌ಮನ್ ಠಾಣೆಯ ಹೊರಗಿನ ಬೆಂಚಿನಲ್ಲಿ ಬೆವರುತ್ತ ಕೂತಿದ್ದ. ತಮ್ಮ ಹೂಂ ಅಂದರೆ ಸಾಕು, ನೇರ ಲಾಕಪ್ಪು.

"ನೂಕಿದ್ದು ವಾಚ್‌ಮನ್ ತಾನೇ?" ಇನ್ಸ್‌ಪೆಕ್ಟರ್ ಕೇಳಿದರು.

"ವಾಚ್‌ಮನ್... ಅಣ್ಣ..."

"ಅವನೇ ಸಾರ್, ಇನ್ಯಾರು!" ಎಂದಳು ಅಕ್ಕ.

"ಬರ್ಕೊಳ್ರಿ," ಇನ್ಸ್‌ಪೆಕ್ಟರ್ ಪೇದೆಗೆ ಹೇಳಿದರು.

ಮೂಲೆಯಲ್ಲಿದ್ದ ಹುಡುಗಿ ಕೆಮ್ಮಿದಳು. ಠಾಣೆಯ ಮಾತುಕತೆಯ ಬಗ್ಗೆ ಸಂಶೋಧನೆ ಮಾಡಲು ವಿಶ್ವವಿದ್ಯಾಲಯದಿಂದ ಬಂದು, ಮೇಲಿನವರ ಅಪ್ಪಣೆ ಹಿಡಿದು ಕೂತವಳು.

"ಸಾರ್, ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲ ಕೇಳಿದೀನಿ. ಏಟು ತಿಂದೋರು ಯಾರು ಅಂತಾನೇ ಗೊತ್ತಾಗಲ್ಲ. ಮಾತೆಲ್ಲ ನಿಮ್ದೇ."

"ಏನಮ್ಮಾ, ತಮಾಷೆನಾ?"

"ಅಲ್ಲ ಸಾರ್, ಪಿಎಚ್‌ಡಿ. ನಿಧಾನಕ್ಕೆ ಮಾತಾಡೋರಿಗೆ ಉತ್ತರ ನಾವೇ ಕೊಟ್ರೆ ತಲೆ ಆಡಿಸಿಬಿಡ್ತಾರೆ. ಏನಾಯ್ತು ಅಂತ ಒಂದ್ಸಲ ಕೇಳಿ ಸುಮ್ಮನಿದ್ರೆ ಅವರೇ ಹೇಳ್ತಾರೆ. ಆದ್ರೆ ಸುಮ್ಮನಿರೋದು ಯಾರ ಕೈಲೂ ಆಗಲ್ಲ." ಚೀಲದಿಂದ ಹಲ್ಲಿಗಂಟುವ ಎರಡು ದಪ್ಪ ಮಿಠಾಯಿ ತೆಗೆದಳು.

"ಎರಡ್ಯಾಕೆ?" ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು.

"ಒಂದು ನಿಮಗೆ, ಒಂದು ಅಕ್ಕಂಗೆ."

ಅಕ್ಕನಿಗೆ ಮೈ ಉರಿದುಹೋಯಿತು. ತುತ್ತು ತಿನ್ನಿಸಿ, ಅಂಗಿಯ ಗುಂಡಿ ಹಾಕಿ ಸಾಕಿದವಳ ಬಾಯಿಗೇ ಬೀಗ! ಆದರೂ ಬಾಯಿಗೆ ಹಾಕಿಕೊಂಡಳು. ದವಡೆ ಗಪ್ಪನೆ ಕಚ್ಚಿಕೊಂಡಿತು.

"ಏನಾಯ್ತಪ್ಪಾ?" ಎಂದು ಕೇಳಿ ಇನ್ಸ್‌ಪೆಕ್ಟರೂ ಬಾಯಿ ತುಂಬಿಕೊಂಡರು.

ತಮ್ಮ ಗೋಡೆ ನೋಡಿದ. ಫ್ಯಾನು ನೋಡಿದ. ಇನ್ಸ್‌ಪೆಕ್ಟರ್ ಉಬ್ಬಿದ ಕೆನ್ನೆ ಹೊತ್ತು ಕುರ್ಚಿಯಲ್ಲಿ ಚಡಪಡಿಸಿದರು. ಅಕ್ಕನ ಗಂಟಲಲ್ಲಿ ಎಷ್ಟೋ ವಾಕ್ಯಗಳು ಸಾಲುಗಟ್ಟಿ ನಿಂತವು.

"ವಾಚ್‌ಮನ್ ಅಣ್ಣ... ನನ್ನ ಎತ್ಕೊಂಡು... ಆಸ್ಪತ್ರೆಗೆ ಓಡಿದ. ನೂಕಿದ್ದು... ಮ್ಯಾನೇಜರು. ಬೆಡ್‌ಶೀಟ್... ಇಸ್ತ್ರೀಲಿ ಸುಟ್ಟೋಯ್ತು. ಅದಕ್ಕೆ."

ಪೇದೆ ಬರೆದದ್ದನ್ನೆಲ್ಲ ಹೊಡೆದುಹಾಕಿದ. ಇನ್ಸ್‌ಪೆಕ್ಟರ್ ಹೊರಗೆ ಕೈ ತೋರಿಸಿ "ಊಂ, ಊಂ" ಎಂದರು. ವಾಚ್‌ಮನ್‌ನನ್ನು ಮನೆಗೆ ಕಳಿಸು ಎಂದು ಪೇದೆಯೇ ಅರ್ಥ ಮಾಡಿಕೊಂಡ.

ಅಕ್ಕನ ಮುಖ ಕೆಂಪಾಯಿತು. ಹೇಗೋ ನುಂಗಿ, ಬಾಯಿ ಬಿಡಿಸಿಕೊಂಡಳು.

"ಪಾಪ, ಇವನು ಹೇಳೋದು ಏನಂದ್ರೆ ಸಾರ್—"

"ಅಕ್ಕಾ, ಸುಮ್ನಿರು," ಎಂದ ತಮ್ಮ. "ನಂದು... ಇನ್ನೂ ಮುಗಿದಿಲ್ಲ."