ಹದಿಮೂರು ದಿನದ ಗಡ್ಡ

ಹಿಟ್ಟಿನ ಗಿರಣಿಯವನು ಕುರ್ಚಿಯಲ್ಲಿ ಕೂತರೂ ಕ್ಷೌರದಂಗಡಿಯವನು ಬಿಳಿ ಬಟ್ಟೆಯನ್ನು ಅವನ ಕೊರಳಿಗೆ ಸುತ್ತಲಿಲ್ಲ. ಕೈಯಲ್ಲೇ ಹಿಡಿದು ನಿಂತ. ಇಪ್ಪತ್ತು ವರ್ಷದಿಂದ ಆ ಕೆನ್ನೆಯ ಮೇಲೆ ಕತ್ತಿ ಆಡಿಸಿದವನು, ವಯಸ್ಸಿನಲ್ಲೂ ಹಿರಿಯ.

"ಯಾವನ ಹತ್ರ ಹೋಗ್ತಿದ್ದೀಯೋ?"

"ಏನಣ್ಣಾ?"

"ಮುಚ್ಚಿಡಬೇಡ. ಮೂರು ದಿನಕ್ಕೊಂದ್ಸಲ ಬರ್ತಿದ್ದವನು ಈಗ ಹದಿಮೂರು ದಿನಕ್ಕೆ ಬಂದಿದ್ದೀಯ. ಬಸ್ ನಿಲ್ದಾಣದ ಎದುರು ಹೊಸಬ ಅಂಗಡಿ ಹಾಕಿದಾನಲ್ಲ, ಅವನ ಹತ್ರ ತಾನೇ?"

"ನಿನ್ನಾಣೆ, ಎಲ್ಲೂ ಹೋಗಿಲ್ಲ."

ಅಂಗಡಿಯವನು ಕೆನ್ನೆ ಸವರಿ ನೋಡಿದ. "ಇದು ಹದಿಮೂರು ದಿನದ್ದು ಅಂದ್ರೆ ಯಾರಪ್ಪಾ ನಂಬ್ತಾರೆ? ಈಗಷ್ಟೇ ಮೀಸೆ ಮೂಡೋರ ಕೆನ್ನೆ ಇದ್ದಂಗಿದೆ."

ಬೆಂಚಿನ ಮೇಲಿದ್ದವರು ನಕ್ಕರು. ಗಿರಣಿಯವನಿಗೆ ನಗು ಬರಲಿಲ್ಲ. ಒಂದು ವರ್ಷದಿಂದ ಅವನ ಹೆಂಡತಿಯೂ ಇದನ್ನೇ ಕೇಳುತ್ತಿದ್ದಳು: ಯಾರ ಹತ್ರ ಹೋಗ್ತಿದ್ದೀರಿ? ಎಲ್ಲೂ ಇಲ್ಲ ಎಂದರೆ ಅವಳೂ ನಂಬಿರಲಿಲ್ಲ.

ಎರಡು ವರ್ಷದ ಕೆಳಗೆ ಶುರುವಾದದ್ದು. ಮೊದಮೊದಲು ಅಂಗ ನಿಮಿರುತ್ತಿರಲಿಲ್ಲ. ಆಮೇಲೆ ಆಸೆಯೇ ಹುಟ್ಟದಾಯಿತು. ನಾಚಿಕೆಗೆ ಹಾಸಿಗೆಯನ್ನು ಕಾಳಿನ ಚೀಲಗಳ ಕೋಣೆಗೆ ಒಯ್ದ. ಡಾಕ್ಟರರ ಹತ್ತಿರ ಎರಡು ಸಲ ಹೋಗಿದ್ದ. ಮೊದಲ ಸಲ ಅವರು ಚೀಟಿಯಿಂದ ತಲೆಯೆತ್ತದೆ, "ಮನಸ್ಸಿಗೆ ಹಚ್ಕೋಬೇಡ" ಎಂದು ಶಕ್ತಿ ಮಾತ್ರೆ ಬರೆದಿದ್ದರು. ಎರಡನೇ ಸಲ ಹೆಂಡತಿಯನ್ನು ಕರೆಸಿ, "ಗಂಡ ಮನೆಗೆ ಬರೋ ಹೊತ್ತಿಗೆ ಸ್ವಲ್ಪ ಚೆನ್ನಾಗಿ ಉಟ್ಟುಕೊಂಡಿರಮ್ಮ" ಎಂದಿದ್ದರು. ತನ್ನ ಹತ್ತಿರ ಆಗದ್ದು ಇನ್ನೆಲ್ಲೋ ಆಗುತ್ತಿದೆ ಎಂದು ಅವಳು ತೀರ್ಮಾನಿಸಿದ್ದು ಆ ದಿನವೇ. ತವರಿಗೆ ಹೇಳಿಕಳಿಸಿದ್ದಳು. ತಿಂಗಳ ಕೊನೆಗೆ ಅಣ್ಣ ಬಂದು ಕರೆದೊಯ್ಯುವವನಿದ್ದ.

ಮಧ್ಯಾಹ್ನ ಅವಳು ಕಾಳು ಕೇರುತ್ತಿದ್ದಾಗ ಗಿರಣಿಯವನು ಕ್ಷೌರದಂಗಡಿಯ ಮಾತನ್ನು ಹೇಳಿದ. ಅವಳು ಮೊರ ಕೆಳಗಿಟ್ಟು ಅವನ ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡಿದಳು.

"ಇನ್ನೊಬ್ಬಳ ಹತ್ರ ಹೋದ್ರೆ ಗಡ್ಡ ಬೆಳೆಯೋದು ಯಾಕ್ರೀ ನಿಲ್ಲುತ್ತೆ?"

ಅವಳೇ ಎದ್ದು ಸೆರಗಿಗಂಟಿದ ಹೊಟ್ಟು ಕೊಡವಿದಳು.

"ಏಳಿ. ಅಂಗಿ ಹಾಕ್ಕೊಳ್ಳಿ."

ಡಾಕ್ಟರರ ಮುಂದೆ ಅವಳೇ ಮಾತಾಡಿದಳು. ಗಡ್ಡ ಬೆಳೀತಿಲ್ಲ, ದಿನಾ ತಲೆನೋವು ಅಂತಾರೆ. ಡಾಕ್ಟರು "ಗಡ್ಡಕ್ಕೂ ಇದಕ್ಕೂ ಏನು..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಮೇಜು ಬಳಸಿ ಬಂದು ಅವನ ಕೆನ್ನೆ, ಎದೆ, ಕಣ್ಣು ನೋಡಿದರು. ಬೆಳಗಿನ ಹೊತ್ತು ರಕ್ತ ಕೊಡಲು ಬರೆದರು. ಇನ್ನೊಂದು ಬೆಳಗ್ಗೆ ಮತ್ತೊಮ್ಮೆ. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನು.

"ಮಿದುಳಿನ ಬುಡದ ಗ್ರಂಥೀಲಿ ಕಾಳಿನಷ್ಟು ಗಂಟಿದೆ," ಎಂದರು ಡಾಕ್ಟರು, ರಿಪೋರ್ಟು ಬಂದ ದಿನ. "ಹಾಲೂಡಿಸೋ ತಾಯಂದಿರಲ್ಲಿ ಏರೋ ಹಾರ್ಮೋನು ಇವರಲ್ಲಿ ಏರಿ, ಗಂಡಸಿನ ಹಾರ್ಮೋನು ಇಳಿದುಹೋಗಿದೆ. ಆಸೆ, ನಿಮಿರೋದು, ಗಡ್ಡ, ಎಲ್ಲಾ ಅದಕ್ಕೇ ಕುಂದಿದ್ದು. ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಮಾತ್ರೆಗೇ ಕುಗ್ಗುತ್ತೆ, ತಿಂಗಳುಗಟ್ಟಲೆ ನುಂಗಬೇಕು. ಮೊದಲೇ ಹೇಳಿದ್ರೆ..."

"ಯಾರಿಗೆ ಹೇಳಬೇಕಿತ್ತು ಸ್ವಾಮೀ?" ಅವಳು ಎದ್ದು ನಿಂತಳು. "ಎರಡು ಸಲ ಬಂದು ಇದೇ ಸ್ಟೂಲಿನ ಮೇಲೆ ಕೂತಿದ್ರು. ಒಂದು ಹನಿ ರಕ್ತ ತೆಗೆಸೋಕೆ ನಿಮಗೆ ಕೈ ಬರ್ಲಿಲ್ಲ. ನನಗೆ ಬಟ್ಟೆ ಉಡೋದು ಹೇಳ್ಕೊಟ್ರಿ!"

"ಬಹಳ ಜನಕ್ಕೆ ಇದು ಮನಸ್ಸಿಂದಲೇ ಇರುತ್ತಮ್ಮ."

"ಗಿರಣಿ ನಿಂತ್ರೆ ಇವರು ಬೆಲ್ಟು ನೋಡ್ತಾರೆ, ಮೋಟರ್ ಬಿಚ್ಚಿ ನೋಡ್ತಾರೆ. ಗಿರಣಿಗೆ ಬೇಜಾರಾಗಿದೆ ಅಂತ ಗಿರಾಕಿಗಳನ್ನ ವಾಪಸ್ ಕಳಿಸಲ್ಲ!"

ಹೊರಗೆ ಕಾದಿದ್ದವರೆಲ್ಲ ಬಾಗಿಲ ಕಡೆ ನೋಡಿದರು. ಗಿರಣಿಯವನು ಅವಳ ಸೆರಗು ಜಗ್ಗಲು ಕೈ ಎತ್ತಿ, ಹಾಗೇ ಇಳಿಸಿದ. ಚೀಟಿ ಎತ್ತಿಕೊಂಡು, "ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಸಾರ್," ಎಂದ. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಬೀದಿಗೆ ಬಂದ ಮೇಲೆ ಅವನು ಕೇಳಿದ: "ಅಣ್ಣ ಬಂದ್ರೆ ಹೋಗ್ತೀಯಾ?"

"ಹೋಗ್ತೀನಿ. ನಿಮ್ಮ ಮೇಲೂ ಸಿಟ್ಟು ಇಳಿದಿಲ್ಲ. ಎರಡು ವರ್ಷ ನನ್ನ ಮುಂದೆ ಬಾಯಿ ಬಿಡದೆ ಚೀಲದ ಪಕ್ಕ ಮಲಗಿದ್ರಿ."

ಅವನು ತಲೆ ತಗ್ಗಿಸಿದ.

"ಎರಡು ದಿನಕ್ಕೆ ವಾಪಸ್ ಬರ್ತೀನಿ. ನೀವು ಇನ್ನೊಬ್ಬಳ ಹತ್ರ ಹೋಗ್ತೀರಿ ಅಂತ ಅಲ್ಲಿಗೆ ಹೇಳಿಕಳಿಸಿದ್ದೀನಲ್ಲ, ಅದನ್ನ ನಾನೇ ಹೋಗಿ ಸುಳ್ಳು ಅನ್ನಬೇಕು. ಮೊದಲು ಔಷಧಿ ಅಂಗಡಿಗೆ ನಡೀರಿ."